ಎತ್ತರದ ಗಾಡಿಗೆ ತಕ್ಕ ಜಾಕು



ಕಾಲೇಜಿನಲ್ಲಿ ಪಾಠ ಹೇಳುವವರು ಮೋಟಾರು ಗಾಡಿಯ ಜಾಕನ್ನು ಕುರಿತು ಮಾತನಾಡಲು ಹೊರಟರೆ ತಮಗೆ ಸ್ವಲ್ಪ ಆಶ್ಚರ್ಯವಾದೀತು. ಅದು ಗ್ಯಾರೇಜಿನವರಿಗೆ ಸೇರಿದ ವಿಷಯ, ಓದುಬರಹದವರಿಗೆ ಅದರಲ್ಲೇನು ಕೆಲಸ ಎಂದು ಕೇಳುವವರೂ ಇರಬಹುದು. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ಸನ್ನೆಗೋಲಿನ ನಿಯಮವನ್ನೂ ದ್ರವಗಳ ಒತ್ತಡದ ವಿಚಾರವಾಗಿ ಪಾಸ್ಕಲನು ಹೇಳಿದ ತತ್ತ್ವವನ್ನೂ ನಾವು ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಬೋಧಿಸುತ್ತ ಬಂದಿದ್ದೇವೆ. ಆದರೆ ಒಂದು ಸಂಜೆ ದಿಗ್ಗೇವಾಡಿಯ ಹೊಲದ ದಾರಿಯಲ್ಲಿ, ಆ ನಿಯಮಗಳೆಲ್ಲ ಬಾಯಲ್ಲಿದ್ದೂ ಒಂದು ಗಾಲಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತಲಾರದೆ ನಿಂತ ಮೇಲೆ, ಈ ವಿಷಯವನ್ನು ನಾವು ಸರಿಯಾಗಿ ಕಲಿತೇ ಇರಲಿಲ್ಲವೆಂದು ಗೊತ್ತಾಯಿತು.

ದಿಗ್ಗೇವಾಡಿಯು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಊರು. ಮಾಯಕ್ಕನ ಜಾತ್ರೆಗೆ ಹೆಸರಾದ ಚಿಂಚಲಿಯೂ ಅದೇ ತಾಲ್ಲೂಕಿನದು. ಕೃಷ್ಣಾನದಿಯ ಸೀಮೆಯಾದ್ದರಿಂದ ಎಲ್ಲಿ ನೋಡಿದರೂ ಕಬ್ಬು. ಹೊಳೆಯಾಚೆ ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಸಂಸ್ಥೆಯು 1939ರಲ್ಲಿಯೇ ಹುಟ್ಟಿತೆಂದರೆ ಈ ಬೆಳೆಯ ಹಳಮೆ ತಿಳಿಯುವುದು. ನೆಲ ಕರಿಮಣ್ಣಿನದು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಮಳೆಯಾದರೆ, ಅಥವಾ ಕಬ್ಬಿಗೆ ಬಿಟ್ಟ ನೀರು ದಾರಿಗೆ ಹರಿದರೆ, ಅದೇ ನೆಲ ಬೆಣ್ಣೆಯಂತೆ ಮೆತ್ತಗೆ. ಟ್ರ್ಯಾಕ್ಟರುಗಳು ಓಡಾಡಿದ ದಾರಿಯಲ್ಲಿ ಎರಡು ಕಡೆ ಆಳವಾದ ಗಾಲಿಜಾಡು, ನಡುವೆ ದಿಬ್ಬ. ಸಾಮಾನ್ಯವಾದ ಪಿಕಪ್ ಗಾಡಿ ಅಲ್ಲಿ ಹೊಕ್ಕರೆ ಅದರ ಹೊಟ್ಟೆ ದಿಬ್ಬಕ್ಕೆ ತಗಲುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಬಂದ ಮಹಾಪೂರದ ತರುವಾಯ ಹೊಲದ ದಾರಿ ಇನ್ನೂ ಕೆಟ್ಟಿತೆಂದು ನಮ್ಮ ಬಂಧುಗಳು ಹೇಳಿದರು. ಅವರ ಮನೆಯ ಯುವಕ ತನ್ನ ಪಿಕಪ್ಪಿಗೆ ಕಮಾನುಪಟ್ಟಿಗಳನ್ನು, ಅಂದರೆ ಗ್ಯಾರೇಜಿನವರು ಪಾಟಾ ಎನ್ನುವುದನ್ನು, ಹೆಚ್ಚಿಸಿ, ದೊಡ್ಡ ಟಯರುಗಳನ್ನು ಹಾಕಿಸಿ, ಗಾಡಿಯನ್ನು ಎತ್ತರ ಮಾಡಿಸಿದ್ದನು. ಜಾಕು ಮಾತ್ರ ಗಾಡಿಯ ಜೊತೆಗೆ ಬಂದ ಹಳೆಯದೇ ಇತ್ತು.

ನಾವು ಆ ಗಾಡಿಯಲ್ಲಿ ಹೊಲದಿಂದ ಮರಳುತ್ತಿದ್ದಾಗ ಹಿಂದಿನ ಎಡಗಾಲಿಯ ಗಾಳಿ ಹೋಯಿತು. ಕೂಳೆ ಕಬ್ಬಿನ ಒಣಮೊನೆ ಚುಚ್ಚಿರಬೇಕು. ಯುವಕ ಗಾಲಿಯ ಬಳಿ ಚಾಸಿಯ ಕೆಳಗೆ ಜಾಕು ಕೊಟ್ಟು ತಿರುವಿದನು. ಜಾಕು ಏರಿತು, ಗಾಡಿಯ ಮೈಯೂ ಏರಿತು. ಗಾಲಿ ಇದ್ದಲ್ಲಿಯೇ ಇತ್ತು.

“ಮಾಸ್ತರ, ಜಾಕ್ ಪೂರಾ ಏರೈತ್ರಿ. ಗಾಲಿ ಮಾತ್ರ ನೆಲಾ ಬಿಟ್ಟಿಲ್ರಿ,” ಎಂದನು.

ಜಾಕನ್ನು ಇಳಿಸಿ, ಎಲ್ಲಿಂದಲೋ ಎರಡು ಇಟ್ಟಂಗಿ ತಂದು, ಅದರ ಮೇಲೆ ಜಾಕನ್ನಿಟ್ಟು ಮತ್ತೆ ಎತ್ತಿದ್ದಾಯಿತು. ಈ ಸಲ ಗಾಲಿ ಎರಡು ಬೆರಳಷ್ಟು ಮೇಲೆದ್ದಿತು. ನಟ್ಟು ತೆಗೆದರು, ಗಾಲಿಯನ್ನೂ ಕಳಚಿದರು. ಜೊತೆಗಿದ್ದ ಹುಡುಗ ಗಾಡಿಯ ಅಡಿಗೆ ಉರುಳಿದ್ದ ಒಂದು ನಟ್ಟನ್ನು ಕೈಚಾಚಿ ಹೆಕ್ಕಿಕೊಂಡು ಹಿಂದೆ ಸರಿದನು. ಅವನು ಸರಿದ ಮರುಗಳಿಗೆಯಲ್ಲಿ ಕೆಳಗಿನ ಇಟ್ಟಂಗಿ ಒಡೆದು, ಜಾಕು ವಾಲಿ, ಗಾಡಿ ದೊಪ್ಪನೆ ಕುಸಿದು, ಗಾಲಿ ಕಳಚಿದ್ದ ಬ್ರೇಕಿನ ಡ್ರಮ್ಮು ಮಣ್ಣಿನಲ್ಲಿ ಹೂತುಹೋಯಿತು. ಹುಡುಗನ ಕೈ ಇದ್ದ ಜಾಗದ ಮೇಲೆಯೇ ಅದು ಬಿದ್ದಿತ್ತು. ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಪಕ್ಕದ ಹೊಲದಿಂದ ಒಬ್ಬ ಮುದುಕರು ಬಂದರು. ಹರೆಯದಲ್ಲಿ ಚಕ್ಕಡಿಯಲ್ಲಿ ಕಬ್ಬು ಹೇರಿದವರು. ಅವರು ಗಾಡಿಯನ್ನು ಒಂದು ಸುತ್ತು ನೋಡಿ, ಯುವಕನಿಗೆ, “ತಮ್ಮಾ, ಎತ್ತೂದು ಬ್ಯಾರೆ, ನಿಲ್ಲಸೂದು ಬ್ಯಾರೆ. ನೀ ಎತ್ತಿದಿ, ನಿಲ್ಲಸಲಿಲ್ಲ,” ಎಂದರು. ಅವರ ಮಾತಿನಂತೆ ಕಳಚಿದ ಗಾಲಿಯನ್ನು ಚಾಸಿಯ ಕೆಳಗೆ ಅಡ್ಡಮಲಗಿಸಿದೆವು. ಗಾಡಿ ಇನ್ನೊಮ್ಮೆ ಕುಸಿದರೆ ಅದರ ಮೇಲೆ ಕೂರಲೆಂದು. ಅಚ್ಚಿನ ಅಡಿಯಲ್ಲಿ ಒಂದು ಗೇಣು ಆಳ ತೋಡಿ, ಚಕ್ಕಡಿಯ ಹಳೆಯ ಜಾಲಿಯ ಹಲಗೆಯನ್ನು ತಳದಲ್ಲಿ ಹಾಸಿ, ರಸ್ತೆಯಲ್ಲಿದ್ದ ಕಬ್ಬಿನ ಟ್ರ್ಯಾಕ್ಟರಿನವರಿಂದ ಬಾಟ್ಲಿ ಜಾಕನ್ನು ಕಡ ತಂದು ಇಟ್ಟೆವು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಊರಿಗೆ ಮರಳಿದ ಮೇಲೆ ನಾವು ಈ ಸಂಗತಿಯನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಂದು ತಮ್ಮ ಮುಂದಿಡುತ್ತೇವೆ. ಈಗ ಪಟ್ಟಣಗಳಲ್ಲಿಯೂ ಪ್ರವಾಸಕ್ಕೆಂದು, ಕೆಲವೊಮ್ಮೆ ಬರಿಯ ಸೊಗಸಿಗೆಂದು, ಪಿಕಪ್ ಗಾಡಿಗಳನ್ನು ಎತ್ತರಿಸುವವರು ಹೆಚ್ಚಿದ್ದಾರೆ. ಅವರಿಗೂ ಇದು ಸಲ್ಲುತ್ತದೆ.

ಜಾಕು ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇದು ಎಷ್ಟು ಟನ್ನು ಎತ್ತುತ್ತದೆ?” ಎತ್ತರದ ಗಾಡಿಯ ವಿಷಯದಲ್ಲಿ ಇದು ಅತ್ಯಂತ ಸುಲಭವಾದ, ಅತ್ಯಂತ ಕಡಿಮೆ ಉಪಯೋಗದ ಪ್ರಶ್ನೆ. ಹೇರು ಸಹಿತವಾಗಿ ಮೂರು ಟನ್ನು ತೂಗುವ ಗಾಡಿಯನ್ನು ನಾವು ಒಟ್ಟಿಗೆ ಎತ್ತುವುದಿಲ್ಲ, ಒಂದು ಮೂಲೆಯನ್ನು ಮಾತ್ರ ಎತ್ತುತ್ತೇವೆ. ಆ ಮೂಲೆಯ ಪಾಲು ಸುಮಾರು ಒಂದು ಟನ್ನು. ಮೂರು ಟನ್ನಿನ ಜಾಕಿದ್ದರೆ ಧಾರಾಳವಾಯಿತು. ದಿಗ್ಗೇವಾಡಿಯಲ್ಲಿ ಸೋತ ಜಾಕಿಗೆ ಬಲ ಕಡಿಮೆಯಾಗಿರಲಿಲ್ಲ. ಗಾಡಿಯ ಮೈಯನ್ನು ಅದು ಸಲೀಸಾಗಿ ಎತ್ತಿತ್ತು. ಹಾಗಾದರೆ ಗಾಲಿ ಏಕೆ ಏಳಲಿಲ್ಲ?

ಗಾಡಿಯ ಮೈಗೂ ಅಚ್ಚಿಗೂ ನಡುವೆ ಕಮಾನುಪಟ್ಟಿಗಳಿವೆ. ಗಾಡಿಯ ಭಾರದಿಂದ ಅವು ಬಿಗಿದು ನಿಂತಿರುತ್ತವೆ. ಮೈಯನ್ನು ಮೇಲಕ್ಕೆತ್ತಿದರೆ ಮೊದಲು ಆ ಬಿಗಿ ಸಡಿಲಗೊಂಡು, ಅಚ್ಚೂ ಗಾಲಿಯೂ ಕೆಳಗೇ ಜೋತುಬೀಳುತ್ತವೆ. ಕಮಾನು ಪೂರ್ತಿ ಸಡಿಲವಾದ ಮೇಲೆಯೇ ಗಾಲಿ ನೆಲ ಬಿಡುವುದು. ಈ ಜೋತು ನಾಲ್ಕೈದು ಅಂಗುಲವಾದರೂ ಇರುತ್ತದೆ. ಎತ್ತರಿಸಿದ ಗಾಡಿಗಳಲ್ಲಿ ಇನ್ನೂ ಹೆಚ್ಚಿರಬಹುದು. ಅಂದರೆ ಜಾಕು ಮಾಡಿದ ಕೆಲಸದ ಬಹುಪಾಲು ಕಮಾನಿನ ಹೊಟ್ಟೆಗೆ ಹೋಗುತ್ತದೆ.

ಈಗ ಎತ್ತರಿಸಿದುದರ ಪರಿಣಾಮವನ್ನು ನೋಡೋಣ. 28 ಅಂಗುಲ ವ್ಯಾಸದ ಟಯರಿಗೆ ಬದಲಾಗಿ 31 ಅಂಗುಲದ್ದನ್ನು ಹಾಕಿದರೆ ಅಚ್ಚು ಏರುವುದು ಮೂರು ಅಂಗುಲವಲ್ಲ, ಅದರ ಅರ್ಧ, ಒಂದೂವರೆ ಅಂಗುಲ ಮಾತ್ರ. ಅಚ್ಚು ಇರುವುದು ಗಾಲಿಯ ನಡುವಿನಲ್ಲಲ್ಲವೇ? ಕಮಾನಿನಿಂದ ಮೂರು ಅಂಗುಲ ಎತ್ತರಿಸಿದರೆ ಅದು ಅಚ್ಚನ್ನು ಸ್ವಲ್ಪವೂ ಏರಿಸುವುದಿಲ್ಲ. ಮೈಯನ್ನು ಮಾತ್ರ ಏರಿಸುತ್ತದೆ. ಆದ್ದರಿಂದ ಇಂತಹ ಗಾಡಿಯ ಚಾಸಿ ಮೊದಲಿಗಿಂತ ನಾಲ್ಕೂವರೆ ಅಂಗುಲ ಮೇಲಿದೆ, ಅಚ್ಚು ಒಂದೂವರೆ ಅಂಗುಲ ಮಾತ್ರ ಮೇಲಿದೆ. ಚಾಸಿಗೆ ಜಾಕು ಕೊಡುವವನು ಆ ನಾಲ್ಕೂವರೆ ಅಂಗುಲವನ್ನೂ ಕಮಾನಿನ ಜೋತನ್ನೂ ಗೆಲ್ಲಬೇಕು. ಅಚ್ಚಿಗೆ ಜಾಕು ಕೊಡುವವನು ಒಂದೂವರೆ ಅಂಗುಲವನ್ನು ಗೆದ್ದರೆ ಸಾಕು, ಜೋತಿನ ಮಾತೇ ಇಲ್ಲ. ಟಯರು ಬದಲಿಸಲು ಎತ್ತರದ ಗಾಡಿಗೆ ಎತ್ತರದ ಜಾಕಿಗಿಂತ, ಅಚ್ಚಿನ ಕೆಳಗೆ ಸರಿಯಾಗಿ ಕೂರುವ ಜಾಕು ಮುಖ್ಯವೆಂಬುದು ಇದರಿಂದ ಸಿದ್ಧವಾಯಿತು. ಅಚ್ಚಿನಲ್ಲಿ ಎಲ್ಲಿ ಕೊಡಬೇಕೆಂಬುದನ್ನು ಗಾಡಿಯ ಕೈಪಿಡಿ ತೋರಿಸುತ್ತದೆ. ಸಾಮಾನ್ಯವಾಗಿ ಗಾಲಿಗೆ ಸಮೀಪವಾಗಿ, ಕಮಾನು ಕಟ್ಟಿದ ಎಡೆಯ ಬಳಿ. ನಡುವಣ ಉಬ್ಬಿದ ಗಡಿಗೆಯಂಥ ಭಾಗಕ್ಕೆ ಅಲ್ಲ.

ಇಲ್ಲಿ ಇನ್ನೊಂದು ತೊಡಕು ಹುಟ್ಟುತ್ತದೆ. ಗಾಳಿ ಹೋದ ಟಯರು ಚಪ್ಪಟೆಯಾಗಿರುವುದರಿಂದ ಅಚ್ಚು ಮೂರು ನಾಲ್ಕು ಅಂಗುಲ ಕೆಳಗಿಳಿದಿರುತ್ತದೆ. ಜಾಕು ಆ ಕುಸಿದ ಅಚ್ಚಿನ ಕೆಳಗೆ ನುಸುಳುವಷ್ಟು ಕುಳ್ಳಾಗಿರಬೇಕು. ಗಾಳಿ ತುಂಬಿದ ಹೊಸ ಗಾಲಿ ಕೂರುವವರೆಗೆ ಏರುವಷ್ಟು ಉದ್ದವೂ ಆಗಬೇಕು. ನಾವು ನೋಡಿದ ಗಾಡಿಯಲ್ಲಿ ಅಚ್ಚಿನ ಅಡಿಭಾಗ ಸರಿಯಿದ್ದಾಗ ನೆಲದಿಂದ 13 ಅಂಗುಲ, ಗಾಳಿ ಹೋದಾಗ 9 ಅಂಗುಲ. ಕೆಳಗೆ ಎರಡು ಅಂಗುಲ ದಪ್ಪದ ಹಲಗೆಯಿಟ್ಟರೆ ಜಾಕಿಗೆ ಉಳಿಯುವ ಜಾಗ 7 ಅಂಗುಲ. ಹೊಸ ಗಾಲಿ ಸಲೀಸಾಗಿ ಕೂರಲು ಅಚ್ಚನ್ನು ನೆಲದಿಂದ 15 ಅಂಗುಲಕ್ಕೆ ಏರಿಸಬೇಕು. ಹಲಗೆಯ ಎರಡು ಅಂಗುಲ ಕಳೆದರೆ ಜಾಕು 13 ಅಂಗುಲ ಏರಬೇಕು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, “ಮುಚ್ಚಿದಾಗ ಏಳಕ್ಕಿಂತ ಕಡಿಮೆ, ತೆರೆದಾಗ ಹದಿಮೂರಕ್ಕಿಂತ ಹೆಚ್ಚು ಇರುವ ಜಾಕು ಉಂಟೇ?” ಎಂಬುದು. ಎರಡು ಹಂತವಾಗಿ ಏರುವ, ತಲೆಯಲ್ಲಿ ತಿರುಪು ಇರುವ ಬಾಟ್ಲಿ ಜಾಕುಗಳಲ್ಲಿ ಇಂಥದು ಸಿಕ್ಕೀತು. ಸಿಗದಿದ್ದರೆ ಉಪಾಯವಿದೆ: ಚಪ್ಪಟೆಯಾದ ಗಾಲಿಯನ್ನೇ ಮೆಲ್ಲಗೆ ಒಂದು ಹಲಗೆಯ ಮೇಲೆ ಹತ್ತಿಸಿದರೆ ಅಚ್ಚು ಅಷ್ಟು ಮೇಲಾಗಿ ಜಾಕಿಗೆ ಎಡೆ ದೊರೆಯುತ್ತದೆ.

ಈ ಅಳತೆಗಳು ನಮ್ಮವು. ತಮ್ಮ ಗಾಡಿಯದನ್ನು ತಾವೇ ತೆಗೆಯತಕ್ಕದ್ದು. ಒಂದು ಭಾನುವಾರ ಅಂಗಳದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಅಚ್ಚಿನ ಎತ್ತರ ಅಳೆದು, ಒಂದು ಗಾಲಿಯ ಗಾಳಿಯನ್ನು ಬೇಕೆಂದೇ ಬಿಟ್ಟು, ಮತ್ತೊಮ್ಮೆ ಅಳೆಯಿರಿ. ಅಲ್ಲಿಯೇ ಒಮ್ಮೆ ಗಾಲಿ ಬದಲಿಸಿಯೂ ನೋಡಿರಿ. ಅಂಗಳದಲ್ಲಿ ಆಗದ ಕೆಲಸ ಇರುಳಿನಲ್ಲಿ ಮಳೆಯಲ್ಲಿ ಆದೀತೆಂದು ನಂಬುವುದು ಬುದ್ಧಿವಂತಿಕೆಯಲ್ಲ.

ಇನ್ನು ಜಾಕಿನ ಜಾತಿಗಳು. ಗಾಡಿಯ ಜೊತೆಗೆ ಸಾಮಾನ್ಯವಾಗಿ ಬರುವುದು ತಿರುಪಿನ ಜಾಕು ಅಥವಾ ಕತ್ತರಿ ಜಾಕು. ತಿರುಪಿನಲ್ಲಿ ಘರ್ಷಣೆ ಹೆಚ್ಚು. ನಮ್ಮ ಶ್ರಮದ ಅರ್ಧಕ್ಕಿಂತ ಹೆಚ್ಚು ಅದರಲ್ಲಿಯೇ ವ್ಯಯವಾಗುತ್ತದೆ. ಆದರೆ ಅದೇ ಘರ್ಷಣೆಯ ದೆಸೆಯಿಂದ ಕೈಬಿಟ್ಟರೂ ತಿರುಪು ತಾನಾಗಿ ಹಿಂದಿರುಗುವುದಿಲ್ಲ. ದೋಷವೇ ಗುಣವಾಗಿರುವ ಉದಾಹರಣೆಯಿದು. ಬಾಟ್ಲಿ ಜಾಕಿನೊಳಗೆ ಎಣ್ಣೆಯಿದೆ. ಸಣ್ಣ ಕೊಂತದ ಒತ್ತಡವನ್ನು ಎಣ್ಣೆ ದೊಡ್ಡ ಕೊಂತಕ್ಕೆ ಮುಟ್ಟಿಸಿ ಬಲವನ್ನು ಹಲವು ಪಟ್ಟು ಮಾಡುತ್ತದೆ. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ಹೇಳಿದ ಈ ತತ್ತ್ವವನ್ನು 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಕುಶಲಿ ಒತ್ತುಯಂತ್ರವಾಗಿ ಮಾಡಿ ಹಕ್ಕುಪತ್ರ ಪಡೆದನು. ಈ ಜಾಕಿಗೆ ಶ್ರಮ ಕಡಿಮೆ. ಆದರೆ ಒಳಗಿನ ವಾಷರು ಸವೆದರೆ ಎಣ್ಣೆ ಹಿಂಜರಿದು ಭಾರ ಮೆಲ್ಲಮೆಲ್ಲಗೆ ಇಳಿಯುತ್ತದೆ, ಕೆಲವೊಮ್ಮೆ ಒಮ್ಮೆಲೇ ಇಳಿಯುತ್ತದೆ. ಗಾಲಿಗಳ ಮೇಲೆ ಓಡುವ ಟ್ರಾಲಿ ಜಾಕು ಸಿಮೆಂಟಿನ ನೆಲಕ್ಕೆ ಬಹಳ ಒಳ್ಳೆಯದು, ಮಣ್ಣಿನ ದಾರಿಗೆ ಬಾರದು. ಅದರ ಪುಟ್ಟ ಗಾಲಿಗಳು ಮಣ್ಣಿಗಿಳಿಯುತ್ತವೆ.

ಎತ್ತರದ ಗಾಡಿಯವರಿಗೆ ಮೋಹ ಹುಟ್ಟಿಸುವುದು ಹೈ-ಲಿಫ್ಟ್ ಮಾದರಿಯ ಉದ್ದನೆಯ ಜಾಕು. ಅಮೆರಿಕದ ಒಕ್ಕಲಿಗರು ಅದನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದ ಬಳಸಿದ್ದಾರೆ. ನಾಲ್ಕಡಿ ಎತ್ತರದ ಕಂಬಿಯ ಮೇಲೆ ಹಲ್ಲುಹಲ್ಲಾಗಿ ಏರುವ ಸಾಧನ. ಕೆಸರಿನಲ್ಲಿ ಹೂತ ಗಾಡಿಯನ್ನು ಮೇಲೆತ್ತಲು, ಗಾಲಿಯಡಿ ಕಲ್ಲು ತುಂಬಲು ಅದು ಉಪಯುಕ್ತ. ಆದರೆ ಅದಕ್ಕೆ ಬಂಪರಿನಲ್ಲಿ ಗಟ್ಟಿಯಾದ ಉಕ್ಕಿನ ಎಡೆ ಬೇಕು. ಅದು ಎತ್ತುವುದು ಮೈಯನ್ನಾದ್ದರಿಂದ ಕಮಾನಿನ ಜೋತನ್ನೆಲ್ಲ ಗೆಲ್ಲಬೇಕು. ಪಾದ ಕಿರಿದಾದ್ದರಿಂದ ಎತ್ತರಕ್ಕೇರಿದಷ್ಟೂ ವಾಲುತ್ತದೆ. ಇಳಿಸುವಾಗ ಅದರ ಹಿಡಿ ಕೈತಪ್ಪಿದರೆ ರಭಸದಿಂದ ಸಿಡಿದು ದವಡೆಗೆ ಬಡಿಯುತ್ತದೆ. ಉದ್ದವಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಕೊಳ್ಳುವುದು ಸಲ್ಲದು. ಗಾಳಿ ತುಂಬಿ ಉಬ್ಬಿಸುವ ಚೀಲದ ಜಾಕು ಮೆತ್ತನೆಯ ನೆಲಕ್ಕೆ ತಕ್ಕದ್ದು, ಏಕೆಂದರೆ ಅದರ ತಳ ಅಗಲ. ಚೂಪಾದ ಅಂಚಿಗೂ ಬಿಸಿಯಾದ ಹೊಗೆಕೊಳವೆಗೂ ತಗಲದಂತೆ ನೋಡಿಕೊಳ್ಳಬೇಕು.

ಯಾವ ಜಾಕೇ ಆಗಲಿ, ಅದು ನಿಲ್ಲುವುದು ನೆಲದ ಮೇಲೆ. ಜಾಕಿನ ಪಾದ ಹತ್ತು ಸೆಂಟಿಮೀಟರು ಚದರವಿದ್ದು, ಮೇಲೆ ಒಂದು ಟನ್ನು ಭಾರವಿದ್ದರೆ, ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹತ್ತು ಕಿಲೋ ಬೀಳುತ್ತದೆ. ಕೆಳಗೆ ಒಂದಡಿ ಚದರದ ಗಟ್ಟಿ ಹಲಗೆಯಿಟ್ಟರೆ ಅದು ಒಂದು ಕಿಲೋಗಿಂತ ತುಸು ಹೆಚ್ಚು ಮಾತ್ರ. ಮನುಷ್ಯನು ಒಂಟಿ ಹಿಮ್ಮಡಿಯ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ನಿಂತರೆ ಬೀಳುವ ಒತ್ತಡ ಹೆಚ್ಚುಕಡಿಮೆ ಒಂದೂವರೆ ಎರಡು ಕಿಲೋ. ಆದುದರಿಂದ ಸ್ಥೂಲವಾದ ಪರೀಕ್ಷೆ ಇದು: ಹಿಮ್ಮಡಿಯೂರಿ ನಿಲ್ಲಿರಿ; ಹೂತುಕೊಂಡರೆ ಒಂದಡಿಯ ಹಲಗೆಯನ್ನು ನಂಬಬೇಡಿರಿ, ದೊಡ್ಡ ಹಲಗೆಯನ್ನು ಹುಡುಕಿರಿ ಅಥವಾ ಗಾಡಿಯನ್ನು ಗಟ್ಟಿ ನೆಲಕ್ಕೆ ಸಾಗಿಸಿರಿ. ಹಾಗೆ ಸಾಗಿಸುವುದರಲ್ಲಿ ಹಳೆಯ ಟಯರು ಹರಿದರೂ ಚಿಂತೆಯಿಲ್ಲ. ಕರಿಮಣ್ಣು ಮೇಲೆ ಒಣಗಿ ಒಳಗೆ ಹಸಿಯಾಗಿರುವುದುಂಟು. ಜಾಕು ಭಾರ ಹೊತ್ತ ಮೇಲೂ ಎರಡು ನಿಮಿಷ ಕಾದು, ವಾಲುವುದೇ ಎಂದು ನೋಡತಕ್ಕದ್ದು. ಇಟ್ಟಂಗಿಯನ್ನೂ ಬಿಡಿಕಲ್ಲನ್ನೂ ಜಾಕಿನ ಕೆಳಗೆ ಎಂದಿಗೂ ಇಡಬಾರದು. ಸುಟ್ಟ ಮಣ್ಣು ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆ. ಒಂದೇ ಬಿಂದುವಿನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ.

ಗಾಡಿ ಉರುಳದಂತೆ ಕಟ್ಟುವುದು ಮುಂದಿನ ಮಾತು. ಗೇರಿನಲ್ಲಿಟ್ಟಿದ್ದೇವೆಂಬ ಧೈರ್ಯ ಇಲ್ಲಿ ಸಲ್ಲದು. ಸಾಮಾನ್ಯ ಗಾಡಿಗಳಲ್ಲಿ ಒಂದು ಹಿಂಗಾಲಿ ನೆಲ ಬಿಟ್ಟ ಕೂಡಲೆ ಡಿಫರೆನ್ಷಿಯಲ್ಲಿನ ಮೂಲಕ ಅದು ಹಿಂದುಮುಂದಾಗಿ ತಿರುಗಿ, ಗೇರಿನ ಹಿಡಿತ ಇನ್ನೊಂದು ಗಾಲಿಗೆ ಇಲ್ಲದಂತಾಗುತ್ತದೆ. ಕೈಬ್ರೇಕು ಹಾಕಿ, ಜಾಕಿಗೆ ಎದುರು ಮೂಲೆಯ ಗಾಲಿಗೆ ಹಿಂದೆಯೂ ಮುಂದೆಯೂ ಅಡ್ಡಗಲ್ಲು ಕೊಡಬೇಕು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡಿರಬೇಕು. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಡಿಯೇ ಜಾಕಿನ ಮೇಲಿಂದ ಜಾರುತ್ತದೆ. ಎತ್ತರಿಸಿದ ಗಾಡಿಯ ಗುರುತ್ವಕೇಂದ್ರ ಮೊದಲಿಗಿಂತ ಮೇಲಿರುವುದರಿಂದ ಇಳಿಜಾರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಎಲ್ಲಕ್ಕಿಂತ ಮಿಗಿಲಾಗಿ, ಆ ಮುದುಕರು ಹೇಳಿದ ಮಾತು. ಜಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಹೊತ್ತು ನಿಲ್ಲಲು ಬೇರೆ ಕಬ್ಬಿಣದ ಸ್ಟ್ಯಾಂಡುಗಳಿವೆ. ಎತ್ತರದ ಗಾಡಿಗೆ ಎತ್ತರದ ಸ್ಟ್ಯಾಂಡನ್ನೇ ಕೊಳ್ಳಬೇಕು. ಗಾಡಿಯ ಕೆಳಗೆ ಇಳಿದು ಮಾಡುವ ಕೆಲಸವಿದ್ದರೆ ಎರಡು ಸ್ಟ್ಯಾಂಡುಗಳಿಲ್ಲದೆ ಇಳಿಯಲೇಬಾರದು. ದಾರಿಯಲ್ಲಿ ಸ್ಟ್ಯಾಂಡು ಇಲ್ಲದಾಗ ಹೆಚ್ಚುವರಿ ಗಾಲಿಯನ್ನು ಚಾಸಿಯ ಅಡಿ ಮಲಗಿಸುವುದು ಕನಿಷ್ಠ ಎಚ್ಚರ. ಅದು ಕೆಳಗೆ ನುಸುಳಲು ಕೊಟ್ಟ ಅಪ್ಪಣೆಯಲ್ಲ. ಜಾಕಿಗೆ ಹಣ ಕೊಟ್ಟು ಸ್ಟ್ಯಾಂಡಿಗೆ ಹಣ ಉಳಿಸುವವರು ಬಾವಿಗೆ ಹಗ್ಗ ಕೊಂಡು ಕಟ್ಟೆ ಕಟ್ಟದವರಂತೆ.

ಗಾಡಿಯನ್ನು ಎತ್ತರಿಸುವುದಕ್ಕೆ ಮೊದಲು ಕಾಯಿದೆಯನ್ನೂ ವಿಚಾರಿಸಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ವಿಚಾರದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ನಮೂದಿಸಿದ ಮೂಲವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ತೀರ್ಪಿತ್ತಿದೆ. ಹೊಲದ ದಾರಿ ಕೆಟ್ಟಿದ್ದರೆ ಗಾಡಿಯನ್ನು ಏರಿಸುವುದಕ್ಕಿಂತ ನಾಲ್ಕು ಗಾಡಿ ಗರಸು ಹಾಕಿಸಿ ದಾರಿಯನ್ನು ಏರಿಸುವುದು ಮೇಲೆಂದು ನಮ್ಮ ಬಂಧುಗಳಿಗೆ ಸೂಚಿಸಿದೆವು. ಅವರು ನಕ್ಕರು, ದಾರಿ ಎಂಟು ಮನೆಯವರದು, ಗಾಡಿ ತಮ್ಮೊಬ್ಬರದು ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ಆ ಯುವಕನು ಈಗ ಗಾಡಿಯಲ್ಲಿ ಎರಡು ಹಂತದ ಬಾಟ್ಲಿ ಜಾಕನ್ನೂ, ಒಂದೂವರೆ ಅಡಿ ಚದರದ ಜಾಲಿಯ ಹಲಗೆಯನ್ನೂ, ಒಂದು ಜೊತೆ ಸ್ಟ್ಯಾಂಡುಗಳನ್ನೂ ಇಟ್ಟುಕೊಂಡಿದ್ದಾನೆ. ಆ ಹುಡುಗ ಅದೇ ಗಾಡಿಯಲ್ಲಿ ಕೆಲಸಕ್ಕಿದ್ದಾನೆ, ಎರಡು ಕೈಗಳೂ ನೆಟ್ಟಗಿವೆ. ತಮ್ಮ ಗಾಡಿಯ ಹಿಂಬದಿಯಲ್ಲಿರುವ ಜಾಕನ್ನು ತಾವು ಕೊನೆಯ ಸಲ ಹೊರತೆಗೆದು ನೋಡಿದ್ದು ಯಾವಾಗ? ನಾಳೆ ಬೆಳಗ್ಗೆ ಒಂದು ಅಳತೆಪಟ್ಟಿ ಹಿಡಿದು ನೋಡುವ ಕೃಪೆ ಮಾಡಬೇಕು.